ಮೇಲಿನ ದಾರಿಯೋ, ಕೆಳಗಿನದೋ

ಹಿಂದವಾಡಿ, ಅಡುಗೆಮನೆಯ ಮೇಜು

ಅಥವಾ ಮೊದಲು ಬಂದದ್ದು ಮಠವೇ, ಗೋಡೆ ಆಮೇಲೆ. ಮೇಜಿನ ಮೇಲೆ ನಕಾಶೆ ಹರವಿಕೊಂಡು ಕೂತರೆ ಗೋಡೆ ಮೊದಲು ಬರುತ್ತದೆ. ಕಣ್ಣು ಮುಚ್ಚಿದರೆ ಮಠ ಮೊದಲು ಬರುತ್ತದೆ. ನಕಾಶೆಯನ್ನು ನಂಬಬೇಕು ಎನ್ನಿಸುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು, ನಕಾಶೆಯನ್ನಲ್ಲದೆ ಇನ್ನೇನನ್ನು ನಂಬಲಿ? ಆದರೆ ಆ ದಿನ ನಕಾಶೆ ನಮ್ಮ ಜೊತೆ ನಡೆಯಲಿಲ್ಲ. ವೈನಿಯ ಚೀಲದ ತಳದಲ್ಲಿ, ರೊಟ್ಟಿ ಡಬ್ಬಿಯ ಕೆಳಗೆ ಮಡಚಿಕೊಂಡು ಮಲಗಿತ್ತು.

ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅಷ್ಟು ಮುಖ್ಯವೇ ಎಂದು ನೀವು ಕೇಳಬಹುದು. ಆ ಮಧ್ಯಾಹ್ನ ಅದೊಂದೇ ಮುಖ್ಯವಾಗಿತ್ತು. ನಾನು ತಪ್ಪು ಹೇಳಿದ್ದರೆ, ಒಬ್ಬ ಹೆಂಗಸಿನ ಹಸಿವು ನನ್ನ ತಲೆಯ ಮೇಲೆ ಇತ್ತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸು ಅರವತ್ತು ದಾಟಿದೆ. ಖಾನಾಪುರದಲ್ಲಿ ಹುಟ್ಟಿ ಖಾನಾಪುರದಲ್ಲೇ ಮದುವೆಯಾದವರು. ಅಣ್ಣನ ಹಂಚಿನ ಅಂಗಡಿಯ ಹಿಂದೆಯೇ ಮನೆ. ಸಕ್ಕರೆ ಕಾಯಿಲೆ ಇದೆ, ಅದಕ್ಕೆ ಊಟದ ಮೊದಲು ಒಂದು ಗುಳಿಗೆ. ಕೊರಳಲ್ಲಿ ಲಿಂಗ. ಹುಟ್ಟಿದಾಗ ಕಟ್ಟಿದ್ದು, ಒಂದು ದಿನವೂ ತೆಗೆದವರಲ್ಲ. ಅದನ್ನು ಬೆಳ್ಳಿಯ ಕರಡಿಗೆಯಲ್ಲಿ, ಅಂದರೆ ಪುಟ್ಟ ಮೊಟ್ಟೆಯಂಥ ಡಬ್ಬಿಯಲ್ಲಿ, ಇಟ್ಟು ಧರಿಸುತ್ತಿದ್ದರು.

ಇಂಗ್ಲೆಂಡಿಗೆ ಹೊರಡುವ ಮುನ್ನ ನಾನೇ ಹೇಳಿದೆ: ವಿಮಾನ ನಿಲ್ದಾಣದಲ್ಲಿ ಬೆಳ್ಳಿ ಕಂಡರೆ ತೆಗೆಸುತ್ತಾರೆ, ಬಿಚ್ಚಿಸುತ್ತಾರೆ, ತಟ್ಟೆಯಲ್ಲಿ ಚಪ್ಪಲಿಯ ಬಾಜೂಕ್ಕೆ ಇಡಿಸುತ್ತಾರೆ. ಕರಡಿಗೆಯನ್ನು ಊರಲ್ಲೇ ಬಿಡಿ, ಹಿಂದಿನವರ ಹಾಗೆ ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಬೆಳಗಾವಿಯ ರವಿವಾರ ಪೇಟೆಗೆ ಹೋಗಿ ಕೆಂಪು ಬಟ್ಟೆಯ ತುಂಡನ್ನೂ ಲಿಂಗ ಕಟ್ಟುವ ನುಣುಪಾದ ಹೊಸ ಶಿವದಾರವನ್ನೂ ತಂದುಕೊಟ್ಟವಳು ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಏನನ್ನಾದರೂ ತೀರಾ ಅಚ್ಚುಕಟ್ಟಾಗಿ ಹೇಳಿದರೆ ಯಾಕೆ ಹಾಗೆ ಹೇಳುತ್ತಿದ್ದೇನೆ ಎಂಬ ಅನುಮಾನ ನಿಮಗೆ ಇರಲಿ.

ಬಸ್ಸು ಇಳಿದ ಜಾಗ

ವೈನಿಯ ಮಗಳು ವಿದ್ಯಾ ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸು. ಅವಳಿಗೆ ಅಂದು ಹಗಲಿನ ಪಾಳಿ. ನಮ್ಮಿಬ್ಬರನ್ನು ಬೆಳಿಗ್ಗೆ ಬಸ್ಸು ಹತ್ತಿಸಿ, ನಕಾಶೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟಳು. ಗುಡ್ಡದ ಇಳಿಜಾರು, ಪಾಳುಬಿದ್ದ ಮಠ, ನದಿಯ ಕಣಿವೆ, ಕಣಿವೆಯ ಕೊನೆಯಲ್ಲಿ ಒಂದು ಹಳ್ಳಿ, ಅಲ್ಲಿಂದ ಮರಳುವ ಬಸ್ಸು. ಒಂದು ದಿನದ ನಡಿಗೆ.

ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ವೈನಿ ಅದನ್ನು ಗಮನಿಸುತ್ತಿದ್ದರು. ತಮ್ಮ ಸರದಿ ಬಂದಾಗ ನಿಂತು, ಚೀಲವನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದರು. ಅವನು ಸ್ಟೀರಿಂಗ್ ಬಿಟ್ಟು ತಾನೂ ಕೈ ಜೋಡಿಸಿದ.

"ನಮ್ಮ ಖಾನಾಪುರ ಬಸ್ಸಿನ್ಯಾಗ ಡ್ರೈವರಗ ಹಿಂಗ ಅಂದ್ರ ಏನಂದಾನು?" ಎಂದೆ.

"‘ಯಾಕ್ರಿ ಅಕ್ಕಾರ, ಏನರೆ ಮರತ ಬಂದ್ರೇನು?’ ಅಂತಾನ," ಎಂದರು ವೈನಿ. ಸ್ವಲ್ಪ ದೂರ ನಡೆದ ಮೇಲೆ, "ಅಂದ್ರ ಅನ್ನಲಿ ಬಿಡು, ಊರಿಗೆ ಹೋದ ಮ್ಯಾಲೆ ಒಮ್ಮೆ ಅಂದ ನೋಡತೀನಿ," ಎಂದರು.

ದಾರಿ ಹೋಗುವುದು ಯಾರದೋ ಹೊಲದ ನಡುವೆ. ಕುರಿಗಳಿದ್ದವು. ಹೊಲದವನು ದೂರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಕೈ ಎತ್ತಿದ, ಬೈಯುವುದಕ್ಕಲ್ಲ, ಸುಮ್ಮನೆ. ನಮ್ಮ ಕಡೆ ದೇಸೂರಿನ ಹತ್ತಿರ ಹೀಗೆ ಪರರ ಹೊಲದಲ್ಲಿ ಇಬ್ಬರು ಹೆಂಗಸರು ನಡೆದರೆ ಮೂರು ಕಡೆಯಿಂದ ಪ್ರಶ್ನೆ ಬರುತ್ತದೆ: ಯಾರ ಪೈಕಿ, ಎಲ್ಲಿಗೆ, ಚಹಾ ಕುಡಿದು ಹೋಗ್ರಿ. ಇಲ್ಲಿ ಪ್ರಶ್ನೆಯೂ ಇಲ್ಲ, ಚಹಾವೂ ಇಲ್ಲ, ತಡೆಯೂ ಇಲ್ಲ. ಯಾವುದು ಒಳ್ಳೆಯದೆಂದು ಆಗ ನಾನು ಒಂದು ಅಭಿಪ್ರಾಯ ಹೇಳಿದ್ದೆ. ಏನೆಂದು ನೆನಪಿಲ್ಲ.

ಹೊಲಗಳ ನಡುವೆ ಸುಣ್ಣ ಸಿಮೆಂಟು ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳಿದ್ದವು. ದಾಟುವುದಕ್ಕೆ ಗೋಡೆಯಲ್ಲೇ ಮೂರೋ ನಾಲ್ಕೋ ಕಲ್ಲು ಹೊರಗೆ ಚಾಚಿಕೊಂಡು ಮೆಟ್ಟಿಲಾಗಿದ್ದವು. ಅಂಥ ಒಂದು ಗೋಡೆಯನ್ನು ನಾವು ದಾಟಿದೆವು. ಇದು ಖಂಡಿತ. ವೈನಿ ಮೇಲೆ ಹತ್ತಿ, ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಆಚೆ ಇಳಿಯಲಾರದೆ ನಿಂತರು. ನಾನು ಕೆಳಗಿನಿಂದ ಕೈ ಚಾಚಿ ಎಳೆದೆ. ಅವರು ನನ್ನ ಮೈಮೇಲೆ ಬಿದ್ದರು, ಇಬ್ಬರೂ ನಕ್ಕೆವು. ಇದೂ ಖಂಡಿತ.

ಈ ಗೋಡೆ ಮಠಕ್ಕಿಂತ ಮೊದಲು ಸಿಕ್ಕಿತೋ ಆಮೇಲೆ ಸಿಕ್ಕಿತೋ, ಅದನ್ನು ಬಿಟ್ಟು ಉಳಿದದ್ದೆಲ್ಲ ಖಂಡಿತ.

ಮಠ

ಅದನ್ನು ಮಠ ಎಂದವರು ವೈನಿ. ಇಂಗ್ಲಿಷಿನ ಹೆಸರು ಬೇರೆ. ಆದರೆ ಸನ್ಯಾಸಿಗಳು ಇದ್ದರು, ದಾಸೋಹವಿತ್ತು, ಭೂಮಿ ಇತ್ತು, ಕುರಿ ಇತ್ತು ಎಂದು ಫಲಕದಲ್ಲಿ ಬರೆದದ್ದನ್ನು ನಾನು ಓದಿ ಹೇಳಿದಾಗ, "ಹಂಗಾರ ಮಠನs ಅಲ್ಲೇನು?" ಎಂದರು. ಚಾವಣಿಯಿಲ್ಲದೆ ಎತ್ತರದ ಕಮಾನುಗಳಷ್ಟೇ ಉಳಿದಿದ್ದವು. ಕಿಟಕಿಯಿದ್ದ ಕಡೆ ಆಕಾಶ. ಒಳಗೆಲ್ಲ ಹುಲ್ಲು, ಆ ಹುಲ್ಲನ್ನು ಒಂದೇ ಅಳತೆಗೆ ಕತ್ತರಿಸಿದ್ದರು.

"ಇದಕ್ಕ ಪಾಳು ಅಂತಾರೇನ? ನಮ್ಮ ಅಂಗಳಕ್ಕಿಂತ ಚಂದ ಕಸಾ ಹೊಡದಾರ."

ನಮ್ಮ ಹಲಸಿಯ ಹಳೆಯ ಗುಡಿಗಳ ಕಡೆ ಹೋದಾಗ ಒಂದು ಕದಂಬರ ಕಾಲದ ಕಲ್ಲಿನ ಮೇಲೆ ಯಾರೋ ಹಪ್ಪಳ ಒಣಹಾಕಿದ್ದನ್ನು ನೋಡಿದ್ದೆ. ಆಗ ಸಿಟ್ಟು ಬಂದಿತ್ತು. ಇಲ್ಲಿ, ಈ ಒಪ್ಪಗೊಳಿಸಿದ ಅವಶೇಷದ ನಡುವೆ ನಿಂತಾಗ, ಆ ಹಪ್ಪಳದ ಕಲ್ಲು ಇನ್ನೂ ಒಂದು ಕೆಲಸದಲ್ಲಿದೆ ಎನ್ನಿಸಿತು.

"ಸ್ವಾಮಿಗೋಳು ಎಲ್ಲಿ ಹೋದ್ರು?" ವೈನಿ ಕೇಳಿದರು.

"ರಾಜಾ ಓಡಿಸಿದನಂತ್ರಿ. ಮಠದ ಆಸ್ತಿ ಮ್ಯಾಲೆ ಕಣ್ಣಿತ್ತಂತ."

"ಮರಿಸ್ವಾಮಿನೂ ಉಳೀಲಿಲ್ಲೇನು?"

"ಎಲ್ಲಾರೂ ಹೋದ್ರಂತ."

"ಭಕ್ತರು ಸುಮ್ಮನ ಕುಂತ್ರ?"

ಫಲಕದಲ್ಲಿ ಭಕ್ತರ ವಿಷಯ ಇರಲಿಲ್ಲ. ವೈನಿ ಒಂದು ಮುರಿದ ಕಂಬವನ್ನು ಅಂಗೈಯಿಂದ ಸವರಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಫೋಟೋ ತೆಗೆದೆ. ಆ ಫೋಟೋ ಈಗ ನನ್ನ ಮುಂದಿದೆ. ವಿದ್ಯಾಳ ನೀಲಿ ಕೋಟು ತೊಟ್ಟಿದ್ದಾರೆ, ಜಿಪ್ಪು ಗದ್ದದವರೆಗೆ ಎಳೆದಿದೆ, ದಾರ ಕಾಣುವುದಿಲ್ಲ. ಒಂದು ಕೈ ಎದೆಯ ಮೇಲಿದೆ. ಲಿಂಗ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರೋ, ಚಳಿಗೆ ಕೋಟನ್ನು ಒತ್ತಿ ಹಿಡಿದಿದ್ದರೋ, ಫೋಟೋ ಹೇಳುವುದಿಲ್ಲ. ಫೋಟೋ ತೆಗೆದ ಮೇಲೆ ಬಿಸಿಲು ಬಿತ್ತು, ವೈನಿ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡರು. ಇದು ಮಾತ್ರ ನಮ್ಮಿಬ್ಬರಿಗೂ ನೆನಪಿದೆ.

ನದಿ

ನದಿಯ ನೀರು ಹಾಲು ಹಾಕದ ಚಹಾದ ಬಣ್ಣ. "ಹೊಲಸೇನ ಇದು?" ಎಂದರು ವೈನಿ. ಗುಡ್ಡದ ಮೇಲಿನ ಕಪ್ಪು ಜೌಗು ಮಣ್ಣಿನಿಂದ ಹಾಗಾಗುತ್ತದೆ, ಸ್ವಚ್ಛವೇ ಇರುತ್ತದೆ ಎಂದು ಭೂಗೋಳದ ಟೀಚರು ವಿವರಿಸಿದಳು. ವೈನಿ ನಂಬಲಿಲ್ಲ. ಮಳೆಗಾಲದಲ್ಲಿ ಕೆಂಪಾಗಿ, ಬೇಸಿಗೆಯಲ್ಲಿ ತೆಳ್ಳಗೆ ಹರಿಯುವ ಮಲಪ್ರಭೆಯನ್ನು ದಿನಾ ನೋಡುವವರಿಗೆ ಅಕ್ಟೋಬರಿನಲ್ಲಿ ಕಂದು ಬಣ್ಣದ ನೀರು ಲೆಕ್ಕಕ್ಕೆ ಸಿಗುವುದಿಲ್ಲ.

ಮರದ ಸೇತುವೆಯ ಹತ್ತಿರ ಒಂದು ಬೆಂಚು. ಅಲ್ಲಿ ಊಟಕ್ಕೆ ಕೂತೆವು. ವೈನಿ ಗುಳಿಗೆ ನುಂಗಿ ನೀರು ಕುಡಿದರು. ನಾನು ಡಬ್ಬಿ ತೆಗೆದೆ. ಬೆಳಗಾವಿಯಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ವಿದ್ಯಾಳ ಮನೆಯಲ್ಲಿ ಮಾಡಿದ ಬದನೆಕಾಯಿ ಪಲ್ಯ. ತುತ್ತು ಎತ್ತುವ ಮೊದಲು ಲಿಂಗವನ್ನು ಕಣ್ಣಿಗೊತ್ತಿಕೊಳ್ಳುವುದು ವೈನಿಯ ರೂಢಿ. ಕೈ ಕೊರಳಿಗೆ ಹೋಯಿತು. ಅಲ್ಲೇ ನಿಂತಿತು.

"ಉಮಾ."

"ಏನ್ರಿ?"

"ಲಿಂಗ ಇಲ್ಲ."

ಸೀರೆಯ ಮಡಿಕೆ, ಕೋಟಿನ ಜೇಬು, ತೋಳು, ಚೀಲ, ಬೆಂಚಿನ ಕೆಳಗೆ. ಚೀಲವನ್ನು ತಲೆಕೆಳಗು ಮಾಡಿದೆವು. ನಕಾಶೆ ಬಿತ್ತು. ಲಿಂಗ ಬೀಳಲಿಲ್ಲ.

ವೈನಿ ಅಳಲಿಲ್ಲ. ರೊಟ್ಟಿಯ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು. "ನೀ ಉಣ್ಣು."

"ನೀವು?"

"ಲಿಂಗ ಇಲ್ಲದ ಹೆಂಗ ಉಣ್ಣಲಿ?"

"ವೈನಿ, ಗುಳಿಗಿ ನುಂಗೀರಿ! ಹೊಟ್ಟ್ಯಾಗ ಏನೂ ಇಲ್ಲಂದ್ರ ಸಕ್ಕರಿ ಇಳದ ಬಿಡತೈತಿ. ಒಂದ ತುತ್ತರೆ ತಿನ್ರಿ. ಊರಿಗೆ ಹೋಗಿ ಮಠದಾಗ ಹೊಸಾದು ಕಟ್ಟಿಸ್ಕೊಳ್ಳೂಣು."

"ಊರಿಗೆ ಹೋಗಾಕ ಇನ್ನೂ ಹನ್ನೊಂದು ದಿನ ಐತಿ," ಎಂದರು, ಬಸ್ಸಿನ ವೇಳೆ ಹೇಳುವವರ ಹಾಗೆ. ಹನ್ನೊಂದು ದಿನವೂ ಅವರು ಊಟ ಬಿಡುತ್ತಾರೆ ಎನ್ನುವುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ನಲವತ್ತು ವರ್ಷದಿಂದ ಅವರನ್ನು ಬಲ್ಲೆ.

"ನನ್ನ ತಪ್ಪು," ಎಂದೆ. "ಕರಡಿಗಿ ಬಿಡ್ರಿ ಅಂತ ನಾನs ಹೇಳಿದ್ನಿ."

"ನಿಂದು ಕಳಿಯೂದ ಇಲ್ಲ ಬಿಡು. ಡಬ್ಯಾಗ ಐತಿ."

ನನ್ನ ಲಿಂಗ ಹಿಂದವಾಡಿಯ ಮನೆಯಲ್ಲಿ, ದೇವರ ಕಪಾಟಿನ ಒಂದು ಡಬ್ಬಿಯಲ್ಲಿದೆ. ಮದುವೆಯಾದ ಮೇಲೆ ತೆಗೆದಿಟ್ಟದ್ದು. ವೈನಿ ಅದರ ಬಗ್ಗೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಆಮೇಲೂ ಆಡಿಲ್ಲ.

ವಿದ್ಯಾಳಿಗೆ ಫೋನ್ ಮಾಡಲು ನೋಡಿದೆ. ಕಣಿವೆಯಲ್ಲಿ ಸಿಗ್ನಲ್ ಇರಲಿಲ್ಲ. ಆಗ ಸೇತುವೆಯ ಮೇಲೆ ಒಬ್ಬ ಮುದುಕ ಬಂದ. ಜೊತೆಗೆ ಒಂದು ಕರಿ ನಾಯಿ. ಇಲ್ಲಿಯವರು ಎದುರಾದವರಿಗೆಲ್ಲ ಹವೆಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಾರೆ. ಅವನು ಬಿಸಿಲಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದಿದ್ದ. ವೈನಿ ಎದ್ದು ಅವನ ಮುಂದೆ ನಿಂತರು.

"ಅಹೋ ದಾದಾ, ಮಾಝಾ ದೇವ ಹರವಲಾ."

ಖಾನಾಪುರದವರಿಗೆ ಇದು ಸಹಜ. ಎದುರಿಗಿದ್ದವರಿಗೆ ಕನ್ನಡ ಬರುವ ಲಕ್ಷಣ ಕಾಣದಿದ್ದರೆ ನಾಲಗೆ ತಾನಾಗಿ ಮರಾಠಿಗೆ ಹೊರಳುತ್ತದೆ. ಜಗತ್ತಿನಲ್ಲಿ ಮೂರನೆಯ ಭಾಷೆಯೊಂದು ಇರಬಹುದೆಂದು ಆ ಗಾಬರಿಯಲ್ಲಿ ಹೊಳೆಯಬೇಕಲ್ಲ! ಮುದುಕ ನನ್ನನ್ನು ನೋಡಿದ. ನಾನು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಬೇರೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಇವರ ದೇವರು ದಾರಿಯಲ್ಲಿ ಎಲ್ಲೋ ಬಿದ್ದಿದ್ದಾನೆ, ಅವನು ಸಿಗದೆ ಇವರು ಊಟ ಮಾಡುವುದಿಲ್ಲ, ಊಟ ಮಾಡದಿದ್ದರೆ ಇವರಿಗೆ ಅಪಾಯ.

ಅವನು ನಗಲಿಲ್ಲ. "ಎಷ್ಟು ದೊಡ್ಡವನು?" ಎಂದು ಕೇಳಿದ.

"ನಿಂಬೆಹಣ್ಣಿಗಿಂತ ಚಿಕ್ಕವನು. ಕಪ್ಪು. ಕೆಂಪು ಬಟ್ಟೆಯಲ್ಲಿ ಕಟ್ಟಿದೆ."

"ಮಠದಿಂದ ಇಲ್ಲಿಗೆ ಎರಡು ದಾರಿ ಇವೆ. ಮೇಲೆ ಹೊಲಗಳ ನಡುವೆ ಒಂದು, ಕೆಳಗೆ ನೀರಿನ ಬದಿಗೆ ಒಂದು. ನೀವು ಯಾವುದರಲ್ಲಿ ಬಂದಿರಿ?"

"ಕೆಳಗಿನದು," ಎಂದೆ.

"ಮ್ಯಾಲಿಂದ ಬಂದೇವಿ," ಎಂದರು ವೈನಿ, ಅವನ ಕೈಸನ್ನೆಯಿಂದಲೇ ಪ್ರಶ್ನೆ ಅರ್ಥವಾಗಿ. "ಗ್ವಾಡಿ ದಾಟಿದ್ದು ಮಠಾ ಆದ ಮ್ಯಾಲೆ."

"ಇಲ್ರಿ, ಗ್ವಾಡಿ ಮೊದಲs ದಾಟೇವಿ. ಆಮ್ಯಾಲೆ ಮಠಾ. ಅಲ್ಲಿಂದ ನೀರಿನ ಬಾಜೂಕ ಬಂದೇವಿ. ನನಗ ಪಕ್ಕಾ ನೆನಪೈತಿ."

ವೈನಿ ನನ್ನ ಮುಖ ನೋಡಿದರು. "ನೀ ಸಾಲಿ ಕಲಿಸಿದಾಕಿ. ನಡಿ ಹಂಗಾರ," ಎಂದರು.

ಕೆಳಗಿನ ದಾರಿ

ಆ ತಿಂಗಳಲ್ಲಿ ಅಲ್ಲಿಯ ಮರಗಳ ಎಲೆಗಳೆಲ್ಲ ಕೆಂಪಾಗಿ ಉದುರುತ್ತವೆ. ಚಿತ್ರಪಟದಲ್ಲಿ ನೋಡಿ ಆಸೆಪಟ್ಟಿದ್ದು ಇದಕ್ಕೇ. ಈಗ ಆ ದಾರಿಯ ಉದ್ದಕ್ಕೂ ಕೆಂಪು ಬಟ್ಟೆಯ ತುಂಡುಗಳೇ ಬಿದ್ದಿದ್ದವು, ಬಗ್ಗಿ ಮುಟ್ಟಿದರೆ ಎಲೆ. ಬಗ್ಗುತ್ತ, ಎಲೆ ಹಿಡಿಯುತ್ತ, ಬಿಸಾಡುತ್ತ ನಡೆದೆ. ವೈನಿ ಹಿಂದೆ ಸಣ್ಣ ಹೆಜ್ಜೆ ಇಡುತ್ತಿದ್ದರು. ಒಂದು ಕಡೆ ತಿರುಗಿ ನೋಡಿದಾಗ ಅವರ ಹಣೆಯ ಮೇಲೆ ಬೆವರು. ಮರಗಳ ನೆರಳಿನ ಆ ಚಳಿಯಲ್ಲಿ ಬೆವರು.

"ಒಂದ ಪೆಪ್ಪರಮಿಂಟರೆ ಬಾಯಾಗ ಇಟ್ಕೋರಿ. ಅದು ಊಟ ಅಲ್ಲ."

"ಊಟ ಅಲ್ಲಂದ್ರ ನೀ ಯಾಕ ಅಷ್ಟ ಜುಲುಮಿ ಮಾಡಾತಿ?"

"ವೈನಿ, ಕೈ ನಡಗಾಕತ್ತಾವು ನಿಮ್ಮವು."

"ನಡಗಲಿ. ಹುಡುಕು."

ನನಗೆ ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ಬೆಳ್ಳಿಯ ಮೇಲೆ. ಹೆಚ್ಚಿನ ಸಿಟ್ಟು ಬಂದದ್ದು ಮುದುಕನ ಮೇಲೆ. ನಾವಿಬ್ಬರೂ ನೆಲಕ್ಕೆ ಕಣ್ಣು ನೆಟ್ಟು ನಡೆಯುತ್ತಿದ್ದರೆ ಅವನು ತಲೆ ಎತ್ತಿಕೊಂಡು, ಬೇಲಿಯನ್ನೂ ಮರದ ಕಾಂಡವನ್ನೂ ನೋಡುತ್ತ, ವಾಯುವಿಹಾರಕ್ಕೆ ಬಂದವನ ಹಾಗೆ ಬರುತ್ತಿದ್ದ. ಹುಡುಕುತ್ತೇನೆಂದು ಜೊತೆಗೆ ಬಂದವನು ಒಮ್ಮೆಯೂ ಕೆಳಗೆ ನೋಡಲಿಲ್ಲ. ಮಠ ತಲುಪುವವರೆಗೆ ಮುಕ್ಕಾಲು ಗಂಟೆ ಹಿಡಿಯಿತು. ಏನೂ ಸಿಗಲಿಲ್ಲ. ಬಾಯಿಗೆ ಬಂದ ಮಾತನ್ನು ತಡೆಯಲಾಗಲಿಲ್ಲ.

"ನೀವು ನೆಲವನ್ನು ನೋಡುತ್ತಲೇ ಇಲ್ಲವಲ್ಲ?"

ಅವನಿಗೆ ಆಶ್ಚರ್ಯವಾಯಿತು. "ನೆಲದ ಮೇಲೆ ಯಾಕಿರುತ್ತದೆ?" ಎಂದ.

ಆಮೇಲೆ ವಿವರಿಸಿದ. ದಾರಿಯಲ್ಲಿ ಬಿದ್ದದ್ದು ಕಂಡರೆ ಅಲ್ಲಿಯ ಜನ ಅದನ್ನು ಮನೆಗೂ ಒಯ್ಯುವುದಿಲ್ಲ, ಬಿದ್ದಲ್ಲಿಯೂ ಬಿಡುವುದಿಲ್ಲ. ಕೈಗವಸು, ಟೋಪಿ, ಮಗುವಿನ ಬೂಟು, ಏನೇ ಇರಲಿ, ಎತ್ತಿ ಹತ್ತಿರದ ಗೋಡೆಯ ಮೇಲೋ ಗೇಟಿನ ಮೇಲೋ ಗೂಟದ ಮೇಲೋ ಕಾಣುವ ಹಾಗೆ ಇಟ್ಟು ಹೋಗುತ್ತಾರೆ. ಕಳೆದುಕೊಂಡವರು ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತಾರಲ್ಲ, ಅದಕ್ಕೆ. ಅಂದು ಬೆಳಿಗ್ಗೆಯಿಂದ ಬಹಳ ಜನ ನಡೆದಿದ್ದಾರೆ, ಕೆಂಪು ಬಣ್ಣದ್ದು ನೆಲದ ಮೇಲೆ ಇಷ್ಟು ಹೊತ್ತು ಉಳಿದಿರುವುದು ಸಾಧ್ಯವೇ ಇಲ್ಲ ಎಂದ.

ನಮ್ಮಲ್ಲಿ ಬಿದ್ದ ವಸ್ತು ಸಿಕ್ಕರೆ ಅಂಗಡಿಯವನ ಕೈಗೆ ಕೊಡುತ್ತೇವೆ, ಇಲ್ಲವೇ ಮುಟ್ಟುವುದೇ ಇಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿದ್ದಾದರೆ ಹತ್ತು ಮಾರು ದೂರದಿಂದ ಸುತ್ತು ಹಾಕಿ ಹೋಗುತ್ತೇವೆ, ಯಾರು ಏನು ಮಾಡಿ ಎಸೆದಿದ್ದಾರೋ ಎಂದು. ಮುದುಕ ಹೇಳಿದ್ದನ್ನು ವೈನಿಗೆ ಹೇಳಿದೆ. ಅವರು ಮಠದ ಗೋಡೆಗೆ ಒರಗಿ ಕೇಳಿದರು.

"ಹಂಗಾರ ಇನ್ನ ಮ್ಯಾಲಿನ ದಾರಿ ನೋಡೂಣು," ಎಂದರು. "ನಾ ಆವಾಗs ಹೇಳಿದ್ನಿ."

ಮೇಲಿನ ದಾರಿ

ಮುದುಕ ತನ್ನ ತೋಳು ಕೊಟ್ಟ. ನಲವತ್ತು ವರ್ಷದಲ್ಲಿ ಅಣ್ಣನ ತೋಳನ್ನು ಬೀದಿಯಲ್ಲಿ ಹಿಡಿಯದ ವೈನಿ, ಪರದೇಶದ ಪರಗಂಡಸಿನ ತೋಳು ಹಿಡಿದು ಗುಡ್ಡ ಹತ್ತಿದರು. ನಾಯಿ ಮುಂದೆ ಹೋಗಿ ನಿಂತು ನೋಡುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು. ಈಗ ನಾವು ಮೂವರೂ ತಲೆ ಎತ್ತಿ ನಡೆದೆವು. ಗೇಟಿನ ಮೇಲೆ ಏನೂ ಇಲ್ಲ. ಒಂದು ಬೇಲಿ, ಏನೂ ಇಲ್ಲ. ವೈನಿ ಎರಡು ಸಲ ನಿಂತರು. ಎರಡನೆಯ ಸಲ ಅವರು ಏನೋ ಹೇಳಿದ್ದು ನನಗೆ ತಿಳಿಯಲಿಲ್ಲ, ನಾಲಗೆ ತೊದಲುತ್ತಿತ್ತು. ಇನ್ನು ಹತ್ತು ನಿಮಿಷ, ಆಮೇಲೆ ಬಲವಂತವಾಗಿ ಬಾಯಿಗೆ ಪೆಪ್ಪರಮಿಂಟು ಹಾಕುತ್ತೇನೆ, ಅವರು ಜನ್ಮದಲ್ಲಿ ನನ್ನೊಡನೆ ಮಾತಾಡದಿದ್ದರೂ ಸರಿ ಎಂದು ನಿರ್ಧರಿಸಿದೆ. ಹಾಕುತ್ತಿದ್ದೆನೇ? ಹಾಕುತ್ತಿದ್ದೆ ಎಂದು ಬರೆಯಲು ಈಗ ಧೈರ್ಯವಿದೆ.

ಗೋಡೆ ಬಂತು. ಕಲ್ಲಿನ ಮೆಟ್ಟಿಲಿತ್ತು. ಅದರ ಬದಿಗೆ ದಾರಿ ತೋರಿಸುವ ಬಾಣದ ಗುರುತಿದ್ದ ಒಂದು ಮರದ ಗೂಟ, ನನ್ನ ಎದೆಯ ಎತ್ತರ. ಗೂಟದ ತಲೆಯ ಮೇಲೆ ಕೆಂಪು.

ಎಲೆ ಎಂದುಕೊಂಡೆ. ವೈನಿ ಹಾಗೆಂದುಕೊಳ್ಳಲಿಲ್ಲ. ಮುದುಕನ ತೋಳು ಬಿಟ್ಟು ಹೋದರು. ಹೋಗಿ, ಮುಟ್ಟದೆ ನಿಂತರು. ಗಾಳಿಗೆ ಬೀಳಬಾರದೆಂದು ಯಾರೋ ಅದರ ಬದಿಗೆ ಒಂದು ಸಣ್ಣ ಕಲ್ಲನ್ನು ಒತ್ತಾಗಿ ಇಟ್ಟಿದ್ದರು.

"ಒಳಗ ಐತೋ ಇಲ್ಲೋ?" ಎಂದರು. "ನೀ ನೋಡು."

"ನಿಮ್ಮ ಲಿಂಗ ನಾ ಹೆಂಗ ಮುಟ್ಟಲಿ? ನೀವs ನೋಡ್ರಿ."

ಎರಡೂ ಅಂಗೈಯಲ್ಲಿ ತೆಗೆದುಕೊಂಡು ತೂಕ ನೋಡಿದರು. ಮುಖ ಬದಲಾಯಿತು. ಆಮೇಲೆ ಗಂಟು ನೋಡಿ ಮತ್ತೆ ಬದಲಾಯಿತು.

"ಇದು ನನ್ನ ಗಂಟಲ್ಲ."

ವೈನಿ ಕಟ್ಟುವುದು ಅವರ ಅವ್ವ ಕಲಿಸಿದ ಗಂಟು, ಗಟ್ಟಿ, ಸಣ್ಣದು, ಬಿಚ್ಚಲು ಉಗುರು ಬೇಕು. ಇದು ಬೂಟಿನ ದಾರ ಕಟ್ಟುವ ಹಾಗೆ ಎರಡು ಕುಣಿಕೆ ಬಿಟ್ಟು ಕಟ್ಟಿದ್ದ ಗಂಟು. ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಹುಟ್ಟುಹಬ್ಬದ ಉಡುಗೊರೆಗೆ ಕಟ್ಟುವಂತೆ ಕಟ್ಟಿದ್ದರು. ಶಿವದಾರವನ್ನು ಸುತ್ತಿ ಸುತ್ತಿ ಅದರಲ್ಲೇ ಸೇರಿಸಿದ್ದರು. ಯಾರೋ ಬಿಚ್ಚಿದ್ದಾರೆ. ಒಳಗಿದ್ದುದನ್ನು ನೋಡಿದ್ದಾರೆ. ಏನೆಂದು ತಿಳಿಯದೆ, ಆದರೆ ಯಾರಿಗೋ ಬೇಕಾದದ್ದು ಎಂಬುದು ತಿಳಿದು, ಮತ್ತೆ ಕಟ್ಟಿದ್ದಾರೆ.

ಕುಣಿಕೆ ಎಳೆದ ಕೂಡಲೇ ಗಂಟು ಬಿಚ್ಚಿತು. ಲಿಂಗ ಇತ್ತು.

"ಯಾರರೆ ಮುಟ್ಟ್ಯಾರ್ರಿ," ಎಂದೆ. ಈ ಮಾತು ಯಾಕೆ ಆಡಿದೆನೋ. ಲಿಂಗವನ್ನೇ ಧರಿಸದವಳು ನಾನು. "ಊರಿಗೆ ಹೋದ ಮ್ಯಾಲೆ ಸ್ವಾಮಿಗೋಳನ್ನ ಕೇಳಿ ಏನರೆ ಮಾಡಿಸೂಣು."

ವೈನಿ ಅಂಗೈಯಲ್ಲಿದ್ದ ಲಿಂಗವನ್ನೇ ನೋಡುತ್ತಿದ್ದರು. "ಮುಟ್ಟಲಿ," ಎಂದರು. "ಮುಟ್ಟಿ, ನೋಡಿ, ತಿರುಗಿ ಕಟ್ಟ್ಯಾರಲ್ಲ. ನಾ ಆಗಿದ್ರ ಕಟ್ಟತಿದ್ನೇನ? ಕೆಂಪು ಬಟ್ಟಿ ಕಂಡ್ರ ಓಡತಿದ್ನಿ."

ಬಾಟಲಿಯ ನೀರನ್ನು ನಾನು ಹನಿಸಿದೆ. ಗೋಡೆಯ ಮೆಟ್ಟಿಲ ಮೇಲೆ ಕೂತು, ಎಡಗೈಯಲ್ಲಿ ಲಿಂಗ ಹಿಡಿದು ಅವರು ಪೂಜೆ ಮಾಡಿದರು. ಮುದುಕ ಟೋಪಿ ತೆಗೆದು, ನಾಯಿಯನ್ನು ಹಿಡಿದುಕೊಂಡು, ಆಚೆ ಮುಖ ಮಾಡಿ ನಿಂತಿದ್ದ. ಪೂಜೆ ಎರಡು ನಿಮಿಷದಲ್ಲಿ ಮುಗಿಯಿತು. ಇಷ್ಟು ಚಿಕ್ಕ ಪೂಜೆಯನ್ನು ವೈನಿ ಎಂದೂ ಮಾಡಿದ್ದಿಲ್ಲ. ಆಮೇಲೆ ಅವರು ಮೊದಲು ತಿಂದದ್ದು ನನ್ನ ಪೆಪ್ಪರಮಿಂಟು.

ಆಮೇಲೆ ಮೂರು ರೊಟ್ಟಿ. ಕೈ ನಡುಕ ನಿಲ್ಲುವುದನ್ನು ನಾನು ನೋಡುತ್ತ ಕೂತಿದ್ದೆ. ಮಾತು ಸ್ಪಷ್ಟವಾದ ಕೂಡಲೇ ಬಂದ ಮೊದಲ ಆಜ್ಞೆ: "ಅವರಿಗೂ ಹಚ್ಚಿ ಕೊಡು. ಚಟ್ನಿ ಜಾಸ್ತಿ ಹಾಕಬ್ಯಾಡ, ಖಾರ ಐತಿ."

ಜಾಸ್ತಿ ಹಾಕಲಿಲ್ಲ. ಆದರೂ ಮುದುಕನ ಕಣ್ಣಲ್ಲಿ ನೀರು ಬಂತು. ಕಟಕ ರೊಟ್ಟಿಯನ್ನು ಅವನು ಬಿಸ್ಕತ್ತಿನ ಹಾಗೆ ಕಡಿದ. ಅರ್ಧವನ್ನು ನಾಯಿಗೆ ಕೊಡಬಹುದೇ ಎಂದು ವೈನಿಯನ್ನು ಕೇಳಿ, ಅವರು ತಲೆಯಾಡಿಸಿದ ಮೇಲೆ ಕೊಟ್ಟ. ವೈನಿ ಅವನೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದರು, ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಅವನ ಹೆಂಡತಿ ತೀರಿಕೊಂಡು ಎಷ್ಟು ದಿನವಾಯಿತೆಂದು ವೈನಿಗೆ ಹೇಗೆ ತಿಳಿಯಿತೋ, ಆ ಸಂಜೆ ವಿದ್ಯಾಳಿಗೆ ಅವರೇ ಹೇಳುತ್ತಿದ್ದರು. ನನಗೆ ಅವನು ಅದನ್ನು ಹೇಳಿರಲಿಲ್ಲ.

ಗೋಡೆ ದಾಟುವಾಗ ವೈನಿ ಮತ್ತೆ ಮೇಲೆ ನಿಂತರು, ನಾನು ಮತ್ತೆ ಕೈ ಚಾಚಿದೆ. ಅವರ ಭಾರ ನನ್ನ ಮೇಲೆ ಬಂದ ಕ್ಷಣದಲ್ಲಿ ಬೆಳಗಿನದು ನೆನಪಾಯಿತು. ಎಳೆದಾಗ ಬೆರಳಿಗೆ ಏನೋ ನುಣುಪಾದದ್ದು ಸಿಕ್ಕಿ, ಜಾರಿದ ಹಾಗೆ. ಸೀರೆಯ ಅಂಚಿರಬಹುದು. ಕೋಟಿನ ದಾರ ಇರಬಹುದು. ಆದರೆ ಆ ಗೋಡೆಯನ್ನು ನಾನು ಸುತ್ತ ತಿರುಗಿ ನೋಡಿದೆ. ಬೆಳಿಗ್ಗೆ ಕಂಡ ಗೋಡೆ ಎನ್ನಿಸಲಿಲ್ಲ. ಅಲ್ಲಿ ಗೂಟ ಇದ್ದದ್ದೇ ನನಗೆ ನೆನಪಿಲ್ಲ.

ಕತ್ತಲಾಗುವ ಮೊದಲೇ ಹಳ್ಳಿ ಸಿಕ್ಕಿತು, ಬಸ್ಸು ಸಿಕ್ಕಿತು. ಈ ಬಸ್ಸಿನ ಚಾಲಕನಿಗೂ ವೈನಿ ಕೈ ಜೋಡಿಸಿದರು.

ಖಾನಾಪುರ

ಇಷ್ಟನ್ನು ಬರೆದು, ನನ್ನ ಮೇಲೆ ನನಗೇ ನಂಬಿಕೆ ಸಾಲದೆ, ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರೈಲು ಹತ್ತಿದೆ. ದೇಸೂರು ದಾಟುವಾಗ ಹೊಲಗಳ ನಡುವೆ ಕಾಲುದಾರಿಗಳು ಕಂಡವು. ಇಷ್ಟು ವರ್ಷ ಈ ರೈಲಿನಲ್ಲಿ ಓಡಾಡಿದವಳು ಒಂದು ದಿನವೂ ಅಲ್ಲಿ ಇಳಿದು ನಡೆದಿಲ್ಲ.

ಅಣ್ಣನ ಅಂಗಡಿಯ ಹಿಂದಿನ ಅಂಗಳದಲ್ಲಿ ಕೂತು ಓದಿದೆ. ವೈನಿ ಅವರೆಕಾಯಿ ಸುಲಿಯುತ್ತ ಕೇಳಿದರು. ಅವರ ಕೊರಳಲ್ಲಿ ಬೆಳ್ಳಿಯ ಕರಡಿಗೆ ಮರಳಿ ಬಂದಿತ್ತು. ಕಂಪೌಂಡಿನ ಗೋಡೆಯ ಮೇಲೆ ಒಂದು ಎಡಗಾಲಿನ ಚಪ್ಪಲಿ, ಒಂದು ಕರವಸ್ತ್ರ, ಸೈಕಲ್ಲಿನ ಬೀಗದ ಕೈ ಇದ್ದವು. ಬೀದಿಯಲ್ಲಿ ಬಿದ್ದದ್ದನ್ನೆಲ್ಲ ಈಗ ವೈನಿ ಅಲ್ಲಿ ತಂದಿಡುತ್ತಾರಂತೆ. ಮೊದಮೊದಲು ಬೀದಿಯವರು ನಕ್ಕರಂತೆ. ಈಗ ಏನಾದರೂ ಕಳೆದರೆ ಮೊದಲು ಆ ಗೋಡೆ ನೋಡಿ ಹೋಗುತ್ತಾರಂತೆ.

ಓದು ಮುಗಿಯಿತು. ವೈನಿ ಸುಲಿದ ಸಿಪ್ಪೆ ಝಾಡಿಸಿದರು.

"ಎಲ್ಲಾ ಬರೋಬ್ಬರಿ ಐತಿ. ಒಂದ ತಪ್ಪೈತಿ. ನಾವು ಬಂದಿದ್ದು ಕೆಳಗಿನ ದಾರೀಲೆ."

"ವೈನಿ! ಮ್ಯಾಲಿಂದು ಅಂದಾವ್ರು ನೀವು!"

"ಅಂದಿದ್ನಿ. ತಲಿ ತಿರಗಾಕತ್ತಿತ್ತು, ಏನೋ ಅಂದ್ನಿ. ಈಗ ನೆನಪ ಮಾಡ್ಕೊಂಡ್ರ ನೀರಿನ ಸಪ್ಪಳಾನs ಕೇಳತೈತಿ. ಮಠದಿಂದ ಬೆಂಚಿನ ತನಕಾ ನೀರು."

"ಹಂಗಾರ ಲಿಂಗ ಮ್ಯಾಲಿನ ಗೂಟಕ್ಕ ಹೆಂಗ ಹೋತು?"

"ಯಾರರೆ ತಗೊಂಡ ಹೋಗಿ ಇಟ್ಟಾರು. ಇಲ್ಲಾ ಮಠಕ್ಕ ಹೋಗೂ ಮೊದಲs ಆ ಗ್ವಾಡಿ ದಾಟಿದ್ವೇನೋ."

ಒಳಗಿನಿಂದ ಅಣ್ಣ ಕೂಗಿದ: "ನೀವಿಬ್ಬರೂ ಹೋಗಿದ್ದು ಒಂದ ದೇಶಕ್ಕs ಹೌದಲ್ಲ?"

ನಾನು ಕೊನೆಗೆ ಕೇಳಬೇಕಾದದ್ದನ್ನು ಕೇಳಿದೆ. ಆ ದಾರ ಎಲ್ಲಿ? ಹರಿದಿತ್ತೋ, ಗಂಟು ಜಾರಿತ್ತೋ ಎಂದು ಒಮ್ಮೆ ನೋಡಬೇಕು. ಜಾರಿದ್ದರೆ ನುಣುಪಿನ ತಪ್ಪು, ರವಿವಾರ ಪೇಟೆಯ ನನ್ನ ಆಯ್ಕೆಯ ತಪ್ಪು. ಹರಿದಿದ್ದರೆ ಗೋಡೆಯ ಮೇಲೆ ಎಳೆದ ನನ್ನ ಕೈಯ ತಪ್ಪು.

"ಮಲಪ್ರಭಾದಾಗ ಬಿಟ್ಟ ಬಂದೆ," ಎಂದರು. "ಹಳೇ ಶಿವದಾರ ಮನ್ಯಾಗ ಇಟ್ಕೋತಾರೇನ?"

"ನೋಡಿದ್ರೇನು, ಹರದಿತ್ತೇನು?"

"ನೋಡಲಿಲ್ಲವ್ವಾ." ಅವರು ಸುಲಿದ ಕಾಳನ್ನು ಬದಿಗೆ ಸರಿಸಿದರು. "ನೀ ಎಳದಿ ಅಂತನs ಇಟ್ಕೋ. ಎಳೀಲಿಲ್ಲಂದ್ರ ನಾ ಗ್ವಾಡಿ ಮ್ಯಾಲಿಂದ ಬೀಳತಿದ್ನಿ. ಬಾ, ಉಣ್ಣಾಕ ಏಳು."

ನಾವು ಉಂಡೆವು. ಮುಂದಿನ ವರ್ಷ ಮತ್ತೆ ಹೋಗೋಣ, ಎರಡೂ ದಾರಿಯಲ್ಲಿ ನಡೆದು ನೋಡೋಣ ಎಂದು ವೈನಿ ಹೇಳಿದ್ದಾರೆ. ಈ ಸಲ ಕರಡಿಗೆಯನ್ನು ತಟ್ಟೆಯಲ್ಲಿ ಇಡಲು ಹೇಳಿದರೆ ಇಡುತ್ತಾರಂತೆ. ಬಟ್ಟೆ ಕಟ್ಟಿದವರು ಯಾರೆಂದು ಗೊತ್ತಾಗುವ ಬಗೆಯಿಲ್ಲ. ನಾವು ಯಾವ ದಾರಿಯಲ್ಲಿ ಬಂದೆವೆಂದು ನನಗೆ ಗೊತ್ತಿಲ್ಲ. ಆ ಗೋಡೆಯ ಮೇಲೆ ನನ್ನ ಬೆರಳಿಗೆ ಸಿಕ್ಕಿದ್ದು ದಾರವೋ ಅಲ್ಲವೋ, ಅದೂ ಗೊತ್ತಿಲ್ಲ.